‘ಅನುಮತಿ ಇಲ್ಲ’ ಅನ್ನುವ ಸುಳ್ಳು

ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಕಂಪ್ಯೂಟರಿನಿಂದ ಇವತ್ತಿನ ಹೊಸ ಫೈಲ್ ಸರ್ವರಿನ ಫೋಲ್ಡರ್ ತೆರೆಯೋಕೆ ಹೋಗಿ ನೋಡಿ. ಕೇಬಲ್ ಸರಿ ಇದೆ, ಐಪಿ ವಿಳಾಸ ಸರಿ ಇದೆ, ಪಿಂಗ್ ಮಾಡಿದರೆ ಉತ್ತರವೂ ಬರುತ್ತೆ. ಆದರೂ ಫೋಲ್ಡರ್ ತೆರೆಯಲ್ಲ. ಪರದೆ ಮೇಲೆ ಒಂದು ಸಂದೇಶ ಬರುತ್ತೆ: ಇದನ್ನು ಬಳಸಲು ನಿಮಗೆ ಅನುಮತಿ ಇಲ್ಲದೆ ಇರಬಹುದು, ಅಡ್ಮಿನಿಸ್ಟ್ರೇಟರನ್ನು ಕೇಳಿ. ಅದರ ಕೆಳಗೆ ಇನ್ನೊಂದು ಸಾಲು, ನೆಟ್‌ವರ್ಕಿನಲ್ಲಿ ಆ ಹೆಸರು ಈಗ ಲಭ್ಯವಿಲ್ಲ ಅಂತ.

ಎರಡೂ ಸುಳ್ಳು. ಅನುಮತಿಯ ಪ್ರಶ್ನೆ ಬರುವುದಕ್ಕೂ ಮೊದಲೇ ಮಾತು ಮುರಿದಿದೆ. ಹೆಸರೂ ಅಲ್ಲೇ ಇದೆ. ನಿಜವಾಗಿ ಆಗಿದ್ದು ಇಷ್ಟೇ, ಎರಡೂ ಮಷಿನ್‌ಗಳಿಗೆ ಗೊತ್ತಿರುವ ಒಂದು ಸಮಾನ ಭಾಷೆ ಇಲ್ಲ. ಫೈಲ್ ಹಂಚಿಕೊಳ್ಳಲು ಇವು ಬಳಸುವ ಎಸ್‌ಎಂಬಿ ಪ್ರೊಟೊಕಾಲಿನಲ್ಲಿ ಸಂಪರ್ಕದ ಮೊದಲ ಹೆಜ್ಜೆಯೇ ಭಾಷೆಯ ಮಾತುಕತೆ. ಕೇಳಲು ಬಂದ ಕಂಪ್ಯೂಟರು ತನಗೆ ಬರುವ ಭಾಷೆಗಳ ಪಟ್ಟಿ ಕೊಡುತ್ತೆ, ಸರ್ವರು ಅದರಲ್ಲಿ ಒಂದನ್ನು ಆರಿಸುತ್ತೆ. ತಾಂತ್ರಿಕ ದಾಖಲೆಗಳಲ್ಲಿ ಇವಕ್ಕೆ ‘ಡಯಲೆಕ್ಟ್’ ಅಂತಲೇ ಹೆಸರು, ಅಂದರೆ ಉಪಭಾಷೆ. ಎಕ್ಸ್‌ಪಿಗೆ ಬರುವುದು ಎಸ್‌ಎಂಬಿ ಒಂದು ಮಾತ್ರ. ಎಸ್‌ಎಂಬಿ ಎರಡು ಬಂದಿದ್ದು ವಿಸ್ಟಾ ಜೊತೆಗೆ. ಹೊಸ ಸರ್ವರು ಪಟ್ಟಿ ನೋಡಿ, ಇದರಲ್ಲಿ ಯಾವುದೂ ನನಗೆ ಬೇಡ ಅಂತ ಫೋನ್ ಇಟ್ಟುಬಿಡುತ್ತೆ. ಎಕ್ಸ್‌ಪಿ ಬರೆದವರು ಇಂಥದೊಂದು ದಿನ ಬರುತ್ತೆ ಅಂತ ಊಹಿಸಿರಲಿಲ್ಲ. ಹಾಗಾಗಿ ಅದು ತನಗೆ ಗೊತ್ತಿರುವ ಕಾರಣಗಳಲ್ಲೇ ಒಂದನ್ನು ಹೇಳುತ್ತೆ: ತಪ್ಪು ನಿಮ್ಮದು, ನಿಮಗೆ ಅನುಮತಿ ಇಲ್ಲ.

ರಾಮದುರ್ಗದ ಕಡೆಯಿಂದ ಬಂದು ಬೆಂಗಳೂರಿನ ಕೌಂಟರ್‌ಗಳಲ್ಲಿ ‘ಎಲ್ಲಿ ಕೊಡಬೇಕ್ರಿ ಇದನ್ನ’ ಅಂತ ಕೇಳಿದವರಿಗೆ ಈ ಉತ್ತರದ ಧಾಟಿ ಹೊಸದಲ್ಲ. ಇರಲಿ.

ನಾನು ವಿಮರ್ಶೆ ಮಾಡಬೇಕು ಅಂದುಕೊಂಡಿರುವುದು ಈ ಸಂದೇಶವನ್ನಷ್ಟೇ ಅಲ್ಲ. ಇದಕ್ಕೆ ನಮ್ಮ ವೃತ್ತಿಯವರು ಕೊಡುವ ಎರಡು ಸಿದ್ಧ ಉತ್ತರಗಳನ್ನು. ಒಂದು, ಸರ್ವರಿನಲ್ಲಿ ಎಸ್‌ಎಂಬಿ ಒಂದನ್ನು ಆನ್ ಮಾಡಿ. ಎರಡು, ಆ ಡಬ್ಬಾ ಎಸೆದು ಹೊಸದು ತಗೊಳ್ಳಿ. ಆಫೀಸಿನ ಕ್ಯಾಂಟೀನಿನಲ್ಲಿ ಈ ವಿಷಯ ತೆಗೆದರೆ ಟೀ ಮುಗಿಯುವುದರೊಳಗೆ ಎರಡೂ ಉತ್ತರ ಬಂದಿರುತ್ತವೆ. ಎರಡೂ ಪ್ರಶ್ನೆಯನ್ನೇ ತಪ್ಪಾಗಿ ಕೇಳಿಸಿಕೊಂಡಿವೆ ಅನ್ನುವುದು ನನ್ನ ವಾದ.

ಮೊದಲು ಹೊಸ ಸರ್ವರಿನ ಪರವಾಗಿ ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಎಸ್‌ಎಂಬಿ ಹುಟ್ಟಿದ್ದು 1980ರ ದಶಕದಲ್ಲಿ, ಐಬಿಎಂನ ಬ್ಯಾರಿ ಫೈಗನ್‌ಬಾಮ್ ಕೈಯಲ್ಲಿ. ಒಂದು ಆಫೀಸಿನ ಒಳಗಿನ ನಾಲ್ಕು ಕಂಪ್ಯೂಟರುಗಳು ಪರಸ್ಪರ ನಂಬುವ ಕಾಲದ ಸೃಷ್ಟಿ ಅದು. 2016ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟಿನ ನೆಡ್ ಪೈಲ್, ಎಸ್‌ಎಂಬಿ ಒಂದನ್ನು ದಯವಿಟ್ಟು ಬಳಸಬೇಡಿ ಅಂತ ಒಂದು ಲೇಖನ ಬರೆದರು. ಎಂಟು ತಿಂಗಳಲ್ಲಿ, 2017ರ ಮೇ 12ರಂದು, ವಾನಾಕ್ರೈ ಬಂತು. ಎಸ್‌ಎಂಬಿ ಒಂದರ ಒಂದು ಬಿರುಕಿನಿಂದಲೇ ನುಗ್ಗಿ, ಜಗತ್ತಿನ ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಬಿರುಕು ಮುಚ್ಚುವ ಪ್ಯಾಚ್ ಮಾರ್ಚಿನಲ್ಲೇ ಬಂದಿತ್ತು. ಆದರೆ ಎಕ್ಸ್‌ಪಿಗೆ ಸಿಕ್ಕಿದ್ದು ದಾಳಿ ಆದ ಮೇಲೆ, ಯಾಕೆಂದರೆ 2014ರ ಏಪ್ರಿಲ್ 8ಕ್ಕೇ ಅದರ ಸಪೋರ್ಟ್ ಮುಗಿದಿತ್ತು. ಅದೇ 2017ರ ಅಕ್ಟೋಬರಿನ ವಿಂಡೋಸ್ 10ರಿಂದ ಎಸ್‌ಎಂಬಿ ಒಂದು ತಾನಾಗಿ ಇನ್‌ಸ್ಟಾಲ್ ಆಗುವುದು ನಿಂತಿತು. ಲಿನಕ್ಸ್ ಕಡೆಯ ಸಾಂಬಾ ಕೂಡ 2019ರ 4.11ನೇ ಆವೃತ್ತಿಯಲ್ಲಿ ಅದನ್ನು ಡೀಫಾಲ್ಟ್ ಆಗಿ ಮುಚ್ಚಿತು. ಸರಿಯಾದ ತೀರ್ಮಾನ, ತಕರಾರಿಲ್ಲ.

ಆದರೆ ಈ ಕತೆಯ ಒಂದು ಭಾಗ ನಮ್ಮ ಬಾಯಲ್ಲಿ ತಿರುಚಿಕೊಂಡಿದೆ. ವಾನಾಕ್ರೈ ಅಂದ ಕೂಡಲೇ ‘ಎಲ್ಲಾ ಆ ಹಳೇ ಎಕ್ಸ್‌ಪಿಗಳ ಕರ್ಮ’ ಅಂತೀವಿ. ಕ್ಯಾಸ್ಪರ್‌ಸ್ಕಿ ಕಂಪನಿ ಆಗ ಕೊಟ್ಟ ಲೆಕ್ಕದ ಪ್ರಕಾರ ಸೋಂಕು ತಗುಲಿದ ಕಂಪ್ಯೂಟರುಗಳಲ್ಲಿ ಶೇ 98ರಷ್ಟು ವಿಂಡೋಸ್ 7. ಅಂದರೆ ಸಪೋರ್ಟ್ ಇದ್ದ, ಪ್ಯಾಚೂ ಸಿಗುತ್ತಿದ್ದ, ಆದರೆ ಹಾಕಿಕೊಳ್ಳದ ಮಷಿನ್‌ಗಳು. ಎಕ್ಸ್‌ಪಿಗಳಲ್ಲಿ ಹೆಚ್ಚಿನವು ಸೋಂಕು ಹಿಡಿಯುವ ಮೊದಲೇ ನೀಲಿ ಪರದೆ ತೋರಿಸಿ ಮಲಗಿಬಿಡುತ್ತಿದ್ದವು! ಹಳೆಯದು ಅಪಾಯಕಾರಿಯಲ್ಲ ಅಂತ ನಾನು ಹೇಳುತ್ತಿಲ್ಲ. ಆರೋಪಪಟ್ಟಿ ಬರೆಯುವಾಗ ಹೆಸರು ಸರಿಯಾಗಿ ಬರೆಯೋಣ ಅಂತಷ್ಟೇ.

ಪೈಲ್ ಅವರ ಲೇಖನದಲ್ಲಿ ಇನ್ನೂ ಎಸ್‌ಎಂಬಿ ಒಂದು ಯಾರಿಗೆ ಬೇಕಾದೀತು ಅನ್ನುವ ಚಿಕ್ಕ ಪಟ್ಟಿ ಇದೆ. ವಿಶೇಷ ಕರಾರಿನ ಮೇಲೆ ಎಕ್ಸ್‌ಪಿ ಓಡಿಸುವವರು, ಹಳೇ ನಿರ್ವಹಣಾ ಸಾಫ್ಟ್‌ವೇರ್ ಇಟ್ಟುಕೊಂಡವರು, ಸ್ಕ್ಯಾನ್ ಮಾಡಿ ಫೋಲ್ಡರಿಗೆ ಕಳಿಸುವ ಹಳೇ ಪ್ರಿಂಟರ್ ಇರುವವರು. ಒಳ್ಳೇ ಲೇಖನ, ಇವತ್ತಿಗೂ ಓದಬಹುದು. ಆದರೆ ಆ ಪಟ್ಟಿಯಲ್ಲಿ ಸುರೇಬಾನದ ಡಿಟಿಪಿ ಅಂಗಡಿ ಇಲ್ಲ.

ಸುರೇಬಾನ ಅಂದರೆ ಶಬರಿಕೊಳ್ಳದ ಸುರೇಬಾನ, ರಾಮದುರ್ಗ ತಾಲೂಕು. ಅಲ್ಲಿ ನಮ್ಮ ಕಾಕಾನ ಅಂಗಡಿ ಇದೆ. ಲಗ್ನಪತ್ರ, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಭಜನಾ ಮಂಡಳಿಯ ಹಾಡಿನ ಪುಸ್ತಕ, ದೊಡ್ಡಾಟದ ಮೇಳದವರು ಕೈಬರಹದ ವಹಿ ತಂದುಕೊಟ್ಟು ಟೈಪ್ ಮಾಡಿಸಿದ್ದು, ತೀರಿಕೊಂಡವರ ಶ್ರದ್ಧಾಂಜಲಿ. ಇಪ್ಪತ್ತು ವರ್ಷಗಳ ಕೆಲಸ, ಎಲ್ಲಾ ಒಂದೇ ಎಕ್ಸ್‌ಪಿ ಮಷಿನ್‌ನಲ್ಲಿ. ನುಡಿ ಇದೆ, ಪೇಜ್‌ಮೇಕರ್ ಇದೆ, ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿದ ಲೇಸರ್ ಪ್ರಿಂಟರ್ ಇದೆ. ಟ್ರೇಸಿಂಗ್ ಪೇಪರಿನ ಮೇಲೆ ತೆಗೆದು ಪ್ರೆಸ್ಸಿಗೆ ಕಳಿಸುತ್ತಾರೆ. ಮಷಿನ್ ಇಟ್ಟಿರುವುದು ನೆಲದ ಮೇಲೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಊರುಗಳಿಗೆ ನೀರು ನುಗ್ಗಿದ್ದನ್ನು ನೆನೆಸಿಕೊಂಡರೆ ಆ ‘ನೆಲದ ಮೇಲೆ’ ಅನ್ನುವ ಮಾತಿನ ತೂಕ ಗೊತ್ತಾಗುತ್ತೆ. ಒಂದು ಫೈಲ್ ಸರ್ವರ್ ಬೇಕು, ಅದರ ನಕಲು ಬೇರೆ ಊರಲ್ಲಿ ಬೇಕು ಅನ್ನುವ ಮಾತು ಶುರುವಾಗಿದ್ದು ಆಮೇಲೆ. ಎರಡು ಡಿಸ್ಕಿನ ಹೊಸ ಡಬ್ಬಿ ಬಂತು. ಆ ಸಂದೇಶವೂ ಬಂತು, ಅನುಮತಿ ಇಲ್ಲ.

ಎಸೆದುಬಿಡು ಅಂತ ನಾನೂ ಮೊದಲು ಹೇಳಿದ್ದುಂಟು, ಎಲ್ಲರೂ ಹೇಳುವ ಹಾಗೆ. ಕಾಕಾ ಮೌಸ್ ಮೇಲಿನ ಕೈ ತೆಗೆಯದೆ ಕೇಳಿದ:

“ಒಗಿ ಅಂತಿ, ಒಗೀತೀನಿ ತಮ್ಮಾ. ಇದ್ರಾಗಿನ ಫೈಲ ನಿನ್ನ ಲ್ಯಾಪ್‌ಟಾಪಿನ್ಯಾಗ ತಗದ ತೋರ್ಸು, ನೋಡೂಣು.”

ಈ ಒಂದು ಪ್ರಶ್ನೆ ಎರಡನೇ ಸಿದ್ಧ ಉತ್ತರವನ್ನು ಮುಗಿಸಿಬಿಡುತ್ತೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0, ಬಂದಿದ್ದು 2001ರಲ್ಲಿ. ಅಡೋಬಿಯ ಇನ್‌ಡಿಸೈನ್ ಸಿಎಸ್6ರ ತನಕ ಆ ಫೈಲುಗಳನ್ನು ತೆರೆಯುತ್ತಿತ್ತು, ತಿಂಗಳ ಬಾಡಿಗೆಯ ಸಿಸಿ ಆವೃತ್ತಿಗಳು ಶುರುವಾದ ಮೇಲೆ ಅದೂ ನಿಂತಿತು. ಲಿಬ್ರೆಆಫೀಸ್ 2015ರಿಂದ ತೆರೆಯುತ್ತೆ, ಪುಣ್ಯಾತ್ಮರು ಮಾಡಿದ್ದಾರೆ, ಆದರೆ ಪುಟ ಇದ್ದ ಹಾಗೇ ಬರುತ್ತೆ ಅಂತಲ್ಲ. ಅಂದರೆ ಆ ಹಳೇ ಮಷಿನ್ ಫೈಲುಗಳನ್ನು ಇಡುವ ಪೆಟ್ಟಿಗೆ ಮಾತ್ರವಲ್ಲ, ಸದ್ಯಕ್ಕೆ ಅವುಗಳನ್ನು ಸರಿಯಾಗಿ ಓದಬಲ್ಲ ಓದುಗನೂ ಅದೇ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರಿಗೆ ಹಾಕಿ ಎಲ್ಲಾ ನಕಲು ಮಾಡಿಕೊಂಡು ಮಷಿನ್ ಎಸೆದರೆ, ಪುಸ್ತಕ ಉಳಿಸಿಕೊಂಡು ಓದಲು ಬರುವ ಒಬ್ಬನೇ ಮನುಷ್ಯನನ್ನು ಊರು ಬಿಡಿಸಿದ ಹಾಗೆ.

ಹಾಗಾದರೆ ಮೊದಲ ಉತ್ತರ? ಸರ್ವರಿನ ಸೆಟ್ಟಿಂಗಿನಲ್ಲಿ ಕನಿಷ್ಠ ಪ್ರೊಟೊಕಾಲ್ ಅನ್ನುವ ಜಾಗದಲ್ಲಿ ಎಸ್‌ಎಂಬಿ ಒಂದನ್ನು ಆರಿಸಿ, ಮುಗೀತು. ನಿಜಕ್ಕೂ ಒಂದು ನಿಮಿಷದ ಕೆಲಸ. ಅದೇ ಅದರ ದೋಷ. ಒಂದು ಹಳೇ ಮಷಿನ್‌ಗೋಸ್ಕರ ಇಡೀ ಸರ್ವರಿನ ಬಾಗಿಲ ಎತ್ತರ ಇಳಿಸುತ್ತೀರಿ. ಅದೇ ಸರ್ವರಿನಲ್ಲಿ ಉಳಿದವರ ಫೈಲುಗಳೂ ಇವೆ, ಅದೇ ವೈಫೈಯಲ್ಲಿ ಗಿರಾಕಿಗಳ ಪೆನ್‌ಡ್ರೈವ್ ಹಾಕುವ ಇನ್ನೊಂದು ಕಂಪ್ಯೂಟರೂ ಇದೆ.

ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಭಾಷೆ ಹೊಂದಿಕೊಂಡ ಮೇಲೆ ಪಾಸ್‌ವರ್ಡಿನ ಜಗಳ ಶುರು. ಎಕ್ಸ್‌ಪಿ ಡೀಫಾಲ್ಟ್ ಆಗಿ ಹಳೇ ಪದ್ಧತಿಯಲ್ಲಿ, ಸುಲಭವಾಗಿ ಒಡೆಯಬಹುದಾದ ರೀತಿಯಲ್ಲಿ, ಪಾಸ್‌ವರ್ಡಿನ ಉತ್ತರ ಕಳಿಸುತ್ತೆ. ಸಾಂಬಾ 2016ರ 4.5ನೇ ಆವೃತ್ತಿಯಿಂದ ಅದನ್ನು ಒಪ್ಪುವುದಿಲ್ಲ. ಆಗ ನಮ್ಮವರು ಕೊಡುವ ಸಲಹೆ: ಅದನ್ನೂ ಸಡಿಲ ಮಾಡಿ. ಅದೂ ಆಗಲಿಲ್ಲವಾ, ಗೆಸ್ಟ್ ಅಂತ ಪಾಸ್‌ವರ್ಡೇ ಇಲ್ಲದೆ ಬಿಡಿ. ಒಂದೊಂದೇ ಚಿಲಕ ತೆಗೆಯುತ್ತಾ ಕೊನೆಗೆ ಬಾಗಿಲೇ ಇರಲ್ಲ. ವಿಚಿತ್ರ ಅಂದರೆ ಎಕ್ಸ್‌ಪಿಗೆ ಹೊಸ ಪದ್ಧತಿಯ ಪಾಸ್‌ವರ್ಡ್ ಉತ್ತರ ಕೊಡಲು ಬರುತ್ತೆ. ಅದರ ರಿಜಿಸ್ಟ್ರಿಯಲ್ಲಿ ‘ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್’ ಅನ್ನುವ ಒಂದು ಅಂಕಿಯನ್ನು 3 ಮಾಡಿದರೆ ಸಾಕು. ಹಳೆಯದನ್ನು ಒಂದು ಅಂಕಿಯಷ್ಟು ಬಿಗಿ ಮಾಡುವ ಬದಲು ಹೊಸದನ್ನು ಸಡಿಲ ಮಾಡುವುದು ಯಾಕೆ? ಹಳೇ ಮಷಿನ್ ಹತ್ತಿರ ಹೋಗಿ ಕೂರಬೇಕಾಗುತ್ತಲ್ಲ, ಅದಕ್ಕೆ. ಸರ್ವರನ್ನು ಬೆಂಗಳೂರಿನಿಂದ ರಿಮೋಟ್ ಆಗಿ ಬದಲಾಯಿಸಬಹುದು, ಎಕ್ಸ್‌ಪಿಗೆ ಸುರೇಬಾನದ ಬಸ್ಸು ಹತ್ತಬೇಕು.

ತಿರುಗಾಮುರುಗಾ ಮಾಡಿದರೂ, ಅಂದರೆ ಹೊಸ ವಿಂಡೋಸ್ 10 ಕಂಪ್ಯೂಟರಿನಿಂದ ಎಕ್ಸ್‌ಪಿಯ ಫೋಲ್ಡರನ್ನು ತೆರೆಯೋಣ ಅಂದರೂ, ಇದೇ ಕತೆ. ಎಸ್‌ಎಂಬಿ ಒಂದರ ಕ್ಲೈಂಟನ್ನು ಹೊಸದರಲ್ಲಿ ಕೈಯಾರೆ ಹಾಕಿಕೊಳ್ಳಬೇಕು. ಅದರಲ್ಲಿ ಒಂದು ಸ್ವಾರಸ್ಯ ಇದೆ. ಹದಿನೈದು ದಿನ ಬಳಸದಿದ್ದರೆ ಅದು ತನ್ನನ್ನು ತಾನೇ ತೆಗೆದುಹಾಕಿಕೊಳ್ಳುವ ಏರ್ಪಾಡನ್ನು ಮೈಕ್ರೋಸಾಫ್ಟ್ ಇಟ್ಟಿದೆ. ಕಂಪ್ಯೂಟರ್ ಆಫ್ ಇದ್ದ ದಿನ ಲೆಕ್ಕಕ್ಕಿಲ್ಲ, ಚಾಲೂ ಇದ್ದ ಹದಿನೈದು ದಿನ. ರೆಡ್ಮಂಡಿನಲ್ಲಿ ಕೂತವರಿಗೆ ಇದು ಜಾಣ ಉಪಾಯ. ಆಷಾಢ ಅನ್ನುವ ಒಂದು ತಿಂಗಳಿದೆ, ಆಗ ಯಾರೂ ಲಗ್ನಪತ್ರ ಹೊಡೆಸುವುದಿಲ್ಲ, ಹಳೇ ಮಷಿನ್‌ನ ಫೋಲ್ಡರ್ ತೆರೆಯುವ ಪ್ರಸಂಗವೇ ಬರುವುದಿಲ್ಲ, ಶ್ರಾವಣದಲ್ಲಿ ಗಿರಾಕಿ ಬಂದು ನಿಂತಾಗ ಫೋಲ್ಡರೇ ತೆರೆಯಲ್ಲ ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು.

ನನ್ನ ಪ್ರಕಾರ ಮಾಡಬೇಕಾದ್ದು ಬೇರೆ. ಹೊಸದು ಬಗ್ಗಬಾರದು, ಹಳೆಯದು ಬದಲಾಗಲಾರದು, ಹಾಗಾಗಿ ನಡುವೆ ಇಬ್ಬರ ಮಾತೂ ಬರುವ ಒಬ್ಬ ಬೇಕು. ಒಂದು ರಾಸ್ಪ್‌ಬೆರಿ ಪೈ ಸಾಕು, ಇಲ್ಲವೇ ಮೂಲೆಗೆ ಬಿದ್ದಿರುವ ಒಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿ. ಅದಕ್ಕೆ ಎರಡು ನೆಟ್‌ವರ್ಕ್ ಕಿವಿ. ಒಂದು ಕಿವಿಗೆ ಎಕ್ಸ್‌ಪಿ ಮಷಿನ್ ನೇರ ಕೇಬಲಿನಲ್ಲಿ, ಬೇರೆ ಯಾರೂ ಇಲ್ಲ, ಇಂಟರ್‌ನೆಟ್ಟಿಗೆ ದಾರಿಯೂ ಇಲ್ಲ. ಅಲ್ಲಿ ಮಾತ್ರ ಸಾಂಬಾ ಎಸ್‌ಎಂಬಿ ಒಂದನ್ನು ಮಾತಾಡಲಿ, ಆ ಒಂದೇ ವಿಳಾಸಕ್ಕೆ ಕಿವಿಗೊಡಲಿ. ಇನ್ನೊಂದು ಕಿವಿ ಹೊಸ ಸರ್ವರಿನ ಕಡೆಗೆ, ಅಲ್ಲಿ ಎಸ್‌ಎಂಬಿ ಮೂರು. ಎಕ್ಸ್‌ಪಿ ತಂದು ಹಾಕಿದ್ದನ್ನು ಈ ನಡುವಿನವನು ಗಂಟೆಗೊಮ್ಮೆ ಸರ್ವರಿಗೆ ಸಾಗಿಸುತ್ತಾನೆ. ಸರ್ವರು ತನ್ನ ಕಡೆ ದಿನದಿನದ ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳುತ್ತೆ. ನಾಳೆ ಎಕ್ಸ್‌ಪಿಗೆ ಏನೋ ರೋಗ ಹತ್ತಿತು ಅನ್ನಿ, ಕೆಟ್ಟ ನಕಲು ಸರ್ವರಿಗೆ ಹೋಗಬಹುದು, ನಿನ್ನೆಯದು ಮಾತ್ರ ಅಲ್ಲೇ ಇರುತ್ತೆ.

ಇದನ್ನು ಅತಿ ಅನ್ನುವವರಿದ್ದಾರೆ, ಒಂದು ಡಿಟಿಪಿ ಅಂಗಡಿಗೆ ಇಷ್ಟೆಲ್ಲಾ ಯಾಕೆ ಅಂತ. ಖರ್ಚು ಒಂದು ಸಣ್ಣ ಬೋರ್ಡು, ಒಂದು ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರು, ಒಂದು ಭಾನುವಾರ. ಸಾಂಬಾದ ಬಗ್ಗೆ ಒಂದು ಒಳ್ಳೆ ಮಾತು ಇಲ್ಲೇ ಹೇಳಬೇಕು. ಅವರು ಹಳೇ ಭಾಷೆಗೆ ಬೀಗ ಹಾಕಿದರೂ ಕೀಲಿಕೈ ಬಿಸಾಕಿಲ್ಲ. ಅದಕ್ಕೇ ಈ ನಡುವಿನವನು ಸಾಧ್ಯ.

ಒಂದು ಎಚ್ಚರಿಕೆ ಮಾತ್ರ ಯಾರೂ ಹೇಳುವುದಿಲ್ಲ. ಹಳೇ ಮಷಿನ್‌ನ ಸೀಮಾಸ್ ಬ್ಯಾಟರಿ ಸತ್ತಿರುತ್ತೆ. ಕರೆಂಟ್ ಹೋಗಿ ಬಂದಾಗಲೆಲ್ಲಾ ಅದರ ತಾರೀಖು ಹಿಂದಕ್ಕೆ, ಹುಟ್ಟಿದ ವರ್ಷಕ್ಕೇ ಓಡುತ್ತೆ. ಯಾವುದು ಹೊಸದೋ ಅದನ್ನಷ್ಟೇ ತಗೊಂಡು ಹೋಗು ಅಂತ ನಡುವಿನವನಿಗೆ ಹೇಳಿದ್ದರೆ, ಇವತ್ತು ತಿದ್ದಿದ ಲಗ್ನಪತ್ರ ಅವನ ಕಣ್ಣಿಗೆ ಇಪ್ಪತ್ತು ವರ್ಷ ಹಳೆಯದು. ಬಿಟ್ಟುಬಿಡುತ್ತಾನೆ. ಒಂದು ಗುಂಡಿ ಬ್ಯಾಟರಿ ಬದಲಾಯಿಸಿ, ತಾರೀಖಿನ ಬದಲು ಫೈಲಿನ ಒಳಗನ್ನೇ ಹೋಲಿಸಲು ಹೇಳಿ.

ಇಷ್ಟಾದರೆ ಫೈಲ್ ತಲುಪಿತು. ನಮ್ಮ ವೃತ್ತಿಯ ಪ್ರಕಾರ ಟಿಕೆಟ್ ಕ್ಲೋಸ್. ಆದರೆ ಹೊಸ ಸರ್ವರಿನ ಹುಡುಕುವ ಡಬ್ಬಿಯಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿ. ಇಪ್ಪತ್ತು ವರ್ಷಗಳ ಕನ್ನಡ ಇರುವ ಸರ್ವರು ಒಂದೂ ಸಿಗಲಿಲ್ಲ ಅನ್ನುತ್ತೆ.

ಯಾಕೆ ಅನ್ನುವುದು ಡಿಟಿಪಿಯವರಿಗೆಲ್ಲಾ ಗೊತ್ತು, ನಮ್ಮ ಪೀಳಿಗೆಯ ಎಂಜಿನಿಯರುಗಳಲ್ಲಿ ಅರ್ಧಕ್ಕೆ ಗೊತ್ತಿಲ್ಲ. ಹಳೇ ನುಡಿಯ ಫೈಲಿನಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ. ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಅವುಗಳ ಮೇಲೆ ಫಾಂಟು ಕನ್ನಡದ ವೇಷ ಹಾಕಿರುತ್ತೆ. ‘ಕನ್ನಡ’ ಅನ್ನುವ ಪದ ಅಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’ಯಿಂದ ಶುರುವಾಗುತ್ತೆ, ಮಧ್ಯದಲ್ಲಿ ಬ್ರಿಟಿಷರ ಪೌಂಡ್ ಗುರುತು ಬರುತ್ತೆ, ‘ಡ’ ಜಾಗದಲ್ಲಿ ಚಿಕ್ಕ ‘ಕ್ಯು’ ಇರುತ್ತೆ. ತಲೆಕಟ್ಟಿಗೆ ಬೇರೆಯೇ ಒಂದು ಅಕ್ಷರ, ನೆತ್ತಿಯ ಮೇಲೆ ಓರೆ ಗೀಟು ಎಳೆದ ‘ಎ’. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡ್ ಲೆಕ್ಕ.

ಇದನ್ನು ಮಾಡಿದವರನ್ನು ನಾನು ಹಳಿಯುವುದಿಲ್ಲ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಾಗ, ಕನ್ನಡ ಗಣಕ ಪರಿಷತ್ತಿನ ನುಡಿ ಬಂದಾಗ, ಜನರ ಕೈಯಲ್ಲಿದ್ದದ್ದು ವಿಂಡೋಸ್ 95, 98. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದ್ದರೂ ಆ ಮಷಿನ್‌ಗಳಲ್ಲಿ ಅದು ಪರದೆಗೆ ಬರುತ್ತಿರಲಿಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಮತ್ತು ಈ ವೇಷದ ಫಾಂಟುಗಳು ಇಲ್ಲದಿದ್ದರೆ ಸುರೇಬಾನದಂಥ ಊರುಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ. ನನ್ನ ತಕರಾರು ಆಮೇಲಿನದು. ಎಕ್ಸ್‌ಪಿ 2001ರಲ್ಲೇ ತುಂಗಾ ಫಾಂಟಿನ ಜೊತೆ ಯೂನಿಕೋಡ್ ಕನ್ನಡ ತಂದಿತು. ಪೇಜ್‌ಮೇಕರಿಗೆ ಅದು ಬರಲಿಲ್ಲ. ಹೀಗೆ ಒಂದೇ ಮಷಿನ್‌ನಲ್ಲಿ ಎರಡು ಕನ್ನಡ, ಒಂದಕ್ಕೊಂದು ಪರಿಚಯವಿಲ್ಲ. ಹೊಸದಾಗಿ ಬರೆಯುವುದಕ್ಕೆ ನಾವೆಲ್ಲಾ ಒಂದಕ್ಕಿಂತ ಒಂದು ಚೆಂದದ ಆ್ಯಪ್ ಮಾಡಿದೆವು. ಬರೆದು ಇಟ್ಟಿದ್ದನ್ನು ದಾಟಿಸುವ ಕೆಲಸ ಹವ್ಯಾಸಿಗಳ ಪಾಲಿಗೆ ಬಿಟ್ಟೆವು.

ಇದಕ್ಕೆ ತದ್ವಿರುದ್ಧ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು, ತಾಲೂಕು ಕಚೇರಿಗಳಲ್ಲಿ. ಆಗಿನ ಮಷಿನ್‌ಗಳ ಕಾಲ ಎಂದೋ ಮುಗಿದಿದೆ. ಪಹಣಿ ಇವತ್ತೂ ಮೊಬೈಲಿನಲ್ಲಿ ಬರುತ್ತೆ. ಮಷಿನ್ ಬದಲಾದಾಗೆಲ್ಲಾ ಮಾಹಿತಿಯನ್ನು ಹೊತ್ತು ದಾಟಿಸಲು ಸರ್ಕಾರ ಇತ್ತು, ದುಡ್ಡಿತ್ತು. ಹೊಲದ ಹೆಸರು ಉಳಿಯಿತು. ಆ ಹೊಲದವರ ಮನೆಯ ಲಗ್ನಪತ್ರ, ಅದರಲ್ಲಿ ಮೂರು ತಲೆಮಾರಿನ ಹೆಸರು, ಬೀಗರ ಊರು, ಯಾವ ಸ್ವಾಮಿಗಳು ಬಂದಿದ್ದರು ಅನ್ನುವುದು, ಅದನ್ನು ಹೊತ್ತು ದಾಟಿಸುವವರು ಯಾರು?

ಪರಿವರ್ತಕಗಳು ಇವೆ, ಉಚಿತವಾಗಿಯೇ ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ. ಎಲ್ಲಿ ಮುಗ್ಗರಿಸುತ್ತವೆ ಅನ್ನುವುದನ್ನು ಮಾತ್ರ ನೋಡಿಕೊಳ್ಳಬೇಕು. ಅರ್ಕಾವತ್ತು ಮೊದಲ ಕಾಟ. ‘ಧರ್ಮ’ ಅನ್ನುವಾಗ ಹಳೇ ಫೈಲಿನಲ್ಲಿ ಮೊದಲು ‘ಮ’, ಆಮೇಲೆ ಅರ್ಕಾವತ್ತು, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ’ ಮೊದಲು. ಹಿಂದುಮುಂದು ಮಾಡುವಾಗ ಒತ್ತು, ದೀರ್ಘ ಎರಡೂ ಇರುವ ಪದಗಳನ್ನು ಒಮ್ಮೆ ಕಣ್ಣಿಟ್ಟು ನೋಡುವುದು ಒಳ್ಳೆಯದು. ಎರಡನೆಯದು ಇನ್ನೂ ತಮಾಷೆ. ಒಂದೇ ಫೈಲಿನಲ್ಲಿ ನಿಜವಾದ ಇಂಗ್ಲಿಷೂ ಇರುತ್ತೆ, ವರನ ಡಿಗ್ರಿ, ಕಂಪನಿಯ ಹೆಸರು. ಬರೀ ಪಠ್ಯವನ್ನು ಎತ್ತಿ ಪರಿವರ್ತಕಕ್ಕೆ ಕೊಟ್ಟರೆ ಯಾವುದು ವೇಷ, ಯಾವುದು ಅಸಲಿ ಅಂತ ಅದಕ್ಕೆ ತಿಳಿಯುವುದಿಲ್ಲ. ವರನ ಬಿಇಯನ್ನೂ ಕನ್ನಡದ ಎರಡು ಚೂರು ಮಾಡಿಬಿಡುತ್ತೆ. ಯಾವ ತುಂಡಿಗೆ ಯಾವ ಫಾಂಟ್ ಇತ್ತು ಅನ್ನುವುದು ತಿಳಿಯುವುದು ಮೂಲ ಫೈಲಿನಲ್ಲಿ ಮಾತ್ರ. ಮೂಲ ಫೈಲ್ ತೆರೆಯುವುದು ಹಳೇ ಮಷಿನ್‌ನಲ್ಲಿ ಮಾತ್ರ. ಎಸೆಯಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಸಿಕ್ಕಿತಲ್ಲ.

ಹಾಗಾಗಿ ಅಂಗಡಿಯಲ್ಲಿ ಈಗ ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಎಕ್ಸ್‌ಪಿ ಮಷಿನ್ ನೆಲದಿಂದ ಎರಡೂವರೆ ಅಡಿ ಮೇಲೆ, ಕಟ್ಟೆಯ ಮೇಲೆ ಹೋಗಿದೆ. ಪ್ರತಿ ಹಳೇ ಕೆಲಸಕ್ಕೂ ಮೂರು ಫೈಲು: ಪೇಜ್‌ಮೇಕರಿನ ಮೂಲ, ಡಿಸ್ಟಿಲರಿನಿಂದ ಫಾಂಟ್ ಸಮೇತ ತೆಗೆದ ಪಿಡಿಎಫ್, ಯೂನಿಕೋಡಿಗೆ ತಿರುಗಿಸಿದ ಬರೀ ಪಠ್ಯ. ಪಿಡಿಎಫ್ ಕಣ್ಣಿಗೆ, ಪಠ್ಯ ಹುಡುಕುವುದಕ್ಕೆ, ಮೂಲ ಇವೆರಡರಲ್ಲಿ ತಪ್ಪಿದ್ದರೆ ತಿದ್ದುವುದಕ್ಕೆ. ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ, ಹಳೆಯದು ಹೊಸದು ಎರಡಕ್ಕೂ ಜಗಳವಿಲ್ಲದೆ ಓದಲು ಬರಲಿ ಅಂತ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ ಕರೆಂಟ್ ಇದ್ದ ಮಧ್ಯಾಹ್ನಗಳಲ್ಲಿ ಒಂದೊಂದೇ ಮಾಡುತ್ತಾಳೆ. ದೊಡ್ಡಾಟದ ವಹಿಗಳಿಂದ ಶುರು ಮಾಡಿ ಅಂತ ನಾನು ಹೇಳಿದ್ದೆ, ಅವುಗಳ ಕೈಬರಹದ ಮೂಲ ಉಳಿದಿದೆಯೋ ಇಲ್ಲವೋ ಅಂತ. ಕಾಕಾ ಒಪ್ಪಲಿಲ್ಲ. ಮೊದಲು ಶ್ರದ್ಧಾಂಜಲಿಗಳು ಆಗಲಿ ಅಂದ.

“ವರ್ಷಾ ವರ್ಷಾ ಪುಣ್ಯತಿಥಿಗೆ ಅದ ಫೋಟೊ, ಅದ ಅಕ್ಷರ ಕೇಳ್ಕೊಂತ ಬರ್ತಾರ. ಅವರಿಗೆ ಇಲ್ಲಾ ಅನ್ನಾಕ ಆಗೂದಿಲ್ಲ.”

ಈಗ 2009ರ ತನಕ ಮುಗಿದಿದೆ.